ಕವರ್ ಮನೆಯ ಒಂದು ಲೋಟ ನೀರು

ಬೇಸಿಗೆ ನೆತ್ತಿಗೇರಿತ್ತು. ಬೆಳಿಗ್ಗೆ ಒಂಬತ್ತಕ್ಕೆಲ್ಲ ಬೀದಿಯ ನೆರಳು ಗೋಡೆಯ ಬುಡಕ್ಕೆ ಸರಿದು, ನಾಯಿಗಳು ಅದರಲ್ಲಿ ಸಾಲಾಗಿ ಮಲಗಿಬಿಡುತ್ತಿದ್ದವು. ಪರೀಕ್ಷೆಯ ಅರ್ಜಿ ತುಂಬುವ ಕಾಲವಾದ್ದರಿಂದ ಸ್ಟುಡಿಯೋದಲ್ಲಿ ಕೈತುಂಬ ಕೆಲಸ. ಒಂದು ಹಾಳೆಯಲ್ಲಿ ಎಂಟು ಮುಖ, ಎಂಟೂ ಒಂದೇ ಮುಖ. ಅವನ್ನು ಉದ್ದ ಕತ್ತರಿಯಿಂದ ಗೆರೆ ತಪ್ಪದಂತೆ ಕತ್ತರಿಸಿ ಲಕೋಟೆಗೆ ಹಾಕುತ್ತ ಕೂತಿದ್ದವನನ್ನು ಊರೆಲ್ಲ ಫೋಟೋ ಎಂದೇ ಕರೆಯುತ್ತಿತ್ತು. ತೆಗೆಯುವುದೂ ಫೋಟೋ, ತೆಗೆಯುವವನೂ ಫೋಟೋ. ಅವನೂ ಅದಕ್ಕೆ ಎಂದೋ ಒಗ್ಗಿಹೋಗಿದ್ದ.

ಸ್ಟುಡಿಯೋ ಎಂದರೆ ಮನೆಯ ಮುಂದಿನ ಕೋಣೆ. ಆ ಮನೆಗೂ ಒಂದು ಹೆಸರಿತ್ತು: ಕವರ್ ಮನೆ. ಅದು ಅವನ ಅಪ್ಪನ ಸಂಪಾದನೆ. ಅಪ್ಪ ಮರದ ಮಿಲ್ಲಿನಲ್ಲಿ ನಲವತ್ತು ವರ್ಷ ಹಲಗೆ ಸೀಳಿದವರು. ಅವರ ಜೀವಮಾನದಲ್ಲಿ ಮನೆಗೆ ಬಂದ ಹೊಸ ವಸ್ತುಗಳನ್ನು ಎರಡು ಕೈಬೆರಳಲ್ಲಿ ಎಣಿಸಿದರೆ ಇನ್ನೂ ಬೆರಳು ಉಳಿಯುತ್ತಿತ್ತು. ಹಾಗೆ ಬಂದದ್ದರ ಮೈಮೇಲಿನ ಪ್ಲಾಸ್ಟಿಕ್ ಹಾಳೆ ಕೀಳುವುದೆಂದರೆ, ಮಲಗಿದ ಕೂಸಿನ ಹೊದಿಕೆ ಎಳೆದಂತೆ ಅವರ ಕರುಳು ಚುರ್ ಅನ್ನುತ್ತಿತ್ತು. “ಕವರ್ ತೆಗೀಬೇಡಿ, ಗೀರು ಬೀಳುತ್ತೆ” ಎಂಬುದು ಆ ಮನೆಯ ಕಾಯಿದೆ. ರೇಡಿಯೋ ಕವರಿನೊಳಗಿಂದಲೇ ಹಾಡಿತು. ವಾರ್ತೆ ಓದುವವರಿಗೆಲ್ಲ ಆ ಮನೆಯಲ್ಲಿ ವರ್ಷವಿಡೀ ನೆಗಡಿ. ಫ್ಯಾನಿನ ರೆಕ್ಕೆಗಳಿಗೆ ಅಂಟಿದ್ದ ಹಾಳೆ ತಿರುಗುವಾಗ ಪಟಪಟ ಬಡಿದುಕೊಳ್ಳುತ್ತಿತ್ತು. ಊಟಕ್ಕೆ ಕೂತ ನೆಂಟರು ಹೊರಗೆ ಮಳೆ ಬರುತ್ತಿದೆಯೆಂದು ತಿಳಿದು, ಒಣಗಲು ಹಾಕಿದ್ದ ಬಟ್ಟೆ ತರಲು ಎದ್ದು ಓಡಿದ್ದುಂಟು. ಸೊಸೆ ಬರುತ್ತಾಳೆಂದು ತಂದ ಸೋಫಾಕ್ಕೂ ಅದೇ ಮರ್ಯಾದೆ. ಆ ಸೊಸೆ ಹನ್ನೆರಡು ಬೇಸಿಗೆ ಅದರ ಮೇಲೆ ಕೂತು, ಏಳುವಾಗಲೆಲ್ಲ ತೊಡೆಯ ಚರ್ಮವನ್ನು ಹಪ್ಪಳ ಬಿಡಿಸಿದಂತೆ ಬಿಡಿಸಿಕೊಂಡು ಎದ್ದಿದ್ದಳು.

ಅಪ್ಪ ಹೋಗಿ ಒಂಬತ್ತು ವರ್ಷವಾಗಿತ್ತು. ಕವರುಗಳು ಹೋಗಿರಲಿಲ್ಲ.

ಕತ್ತರಿ ಆರನೆಯ ಮುಖದ ಕಿವಿಯ ಹತ್ತಿರ ಇರುವಾಗ ಫೋನು ಬಂತು. ಅಕ್ಕ.

“ಭಾನುವಾರ ಬರ್ತಿದೀನಿ ಕಣೋ. ನಂದೊಂದು ಕ್ಯಾಸೆಟ್ ಬಾಕಿ ಇದೆ, ಜ್ಞಾಪಕ ಇದೆಯಾ?”

ಇಪ್ಪತ್ತೆರಡು ವರ್ಷದಿಂದ ಅಕ್ಕನ ಫೋನೆಲ್ಲ ಹೀಗೇ ಮುಗಿಯುತ್ತಿತ್ತು. ಈ ಸಲ ಹೀಗೇ ಶುರುವಾಯಿತು.

ಆ ಬಾಕಿಯ ಹಿನ್ನೆಲೆ ಇಷ್ಟು. ಅಕ್ಕನ ಮದುವೆಯ ಹೊತ್ತಿಗೆ ಫೋಟೋ ಒಂದು ಸ್ಟುಡಿಯೋದಲ್ಲಿ ಕೆಲಸ ಕಲಿಯುತ್ತಿದ್ದ. ಯಜಮಾನರು ಹೊಸದಾಗಿ ತಂದಿದ್ದ, ಹೆಗಲ ಮೇಲೆ ಹೊರುವ ವಿಡಿಯೋ ಕ್ಯಾಮರಾವನ್ನು ಕಾಡಿ ಬೇಡಿ ಒಂದು ದಿನದ ಮಟ್ಟಿಗೆ ತಂದ. ಅಪ್ಪ ಅದನ್ನು ನೋಡಿದವರೇ ಹೌಹಾರಿದರು. “ಮಂದಿ ವಸ್ತು. ಧೂಳು ಬಿದ್ರೆ ನಾನು ಮೂರು ವರ್ಷ ಹಲಗೆ ಸೀಳಬೇಕು” ಎಂದು ಒಂದು ತಿಳಿ ಪ್ಲಾಸ್ಟಿಕ್ ಚೀಲದೊಳಗೆ ಇಡೀ ಕ್ಯಾಮರಾವನ್ನು ತೂರಿಸಿ, ಬಾಯಿಗೆ ದಾರ ಕಟ್ಟಿದರು. ಮದುವೆಯೆಲ್ಲ ಆ ಚೀಲದ ಮೂಲಕವೇ ಚಿತ್ರೀಕರಣವಾಯಿತು. ಕ್ಯಾಸೆಟ್ಟು ಮನೆಗೆ ಬಂತು. ಅಪ್ಪ ಅದನ್ನೂ ಕವರಿನಲ್ಲಿಟ್ಟು ಟ್ರಂಕಿಗೆ ಸೇರಿಸಿ, “ಪ್ಲೇಯರ್ ತಗೊಂಡಾಗ ನೋಡೋಣ” ಅಂದರು. ಪ್ಲೇಯರ್ ತೆಗೆದುಕೊಳ್ಳುವ ಯೋಗ ಬರಲಿಲ್ಲ. “ಅಕ್ಕಾ, ನಿನಗೊಂದು ಕಾಪಿ ನಾನು ಮಾಡಿಸಿಕೊಡ್ತೀನಿ” ಎಂದು ಅವಳು ಗಂಡನ ಮನೆಗೆ ಹೊರಟ ದಿನ ಹೇಳಿದ್ದ ಮಾತು ಹಾಗೇ ಉಳಿಯಿತು.

ಈಗ ಆ ಮಾತಿಗೆ ತೂಕ ಬಂದಿತ್ತು. ಏಕೆಂದರೆ ಅಪ್ಪನದೆಂದು ಇದ್ದದ್ದು ಒಂದೇ ಒಂದು ಫೋಟೋ. ಮಿಲ್ಲಿನ ಗುರುತಿನ ಚೀಟಿಗೆ ತೆಗೆಸಿದ್ದು. ಅದರಲ್ಲಿ ಅವರು ಕಣ್ಣು ಮುಚ್ಚಿದ್ದರು. ಮಗ ಊರಿನ ಮುಖಗಳನ್ನೆಲ್ಲ ಎಂಟೆಂಟು ಪ್ರತಿ ತೆಗೆದವನಾದರೂ, ಅಪ್ಪನೆದುರು ಕ್ಯಾಮರಾ ಹಿಡಿದರೆ “ನನ್ನ ಮೇಲ್ಯಾಕೋ ರೀಲು ದಂಡ” ಎಂದು ಒಳಗೆ ಹೋಗಿಬಿಡುತ್ತಿದ್ದರು. ಅಪ್ಪ ನಡೆಯುವುದು, ಮಾತಾಡುವುದು ಈ ಭೂಮಿಯ ಮೇಲೆ ಇನ್ನೆಲ್ಲಾದರೂ ಉಳಿದಿದ್ದರೆ ಅದು ಆ ಕ್ಯಾಸೆಟ್ಟಿನಲ್ಲಿ. ಟ್ರಂಕಿನಿಂದ ತೆಗೆದಾಗ ಅದರ ಟೇಪಿನ ಅಂಚಿಗೆ ಬೂಷ್ಟು ಕೂತಿತ್ತು. ಕಸಬಿನವನಾದ ಫೋಟೋಗೆ ಗೊತ್ತಿತ್ತು: ಇನ್ನು ಒಂದೋ ಎರಡೋ ಸಲ ಓಡೀತು, ಆಮೇಲೆ ಅದು ಬರೀ ರಿಬ್ಬನ್ನು.

ಪ್ಲೇಯರ್ ಸಿಕ್ಕಿದ್ದು ಎದುರುಮನೆಯ ಕಾಂಪೌಂಡರ್ ಹತ್ತಿರ. ಮೂವತ್ತೈದು ವರ್ಷ ಡಾಕ್ಟರ ಪಕ್ಕ ನಿಂತು ಔಷಧಿ ಕಟ್ಟಿ, ನಿವೃತ್ತಿಯಾದ ಮೇಲೆ ಡಾಕ್ಟರಿಗಿಂತ ಹೆಚ್ಚು ತಿಳಿದುಕೊಂಡಿದ್ದ ಮನುಷ್ಯ. “ಪ್ಲೇಯರ್ ಕೊಡ್ತೀನಿ. ಆದ್ರೆ ಅದು ಓಡೋವಾಗ ನಾನು ಪಕ್ಕದಲ್ಲಿರ್ತೀನಿ” ಎಂಬ ಷರತ್ತಿನೊಂದಿಗೆ ಅದನ್ನು ಎತ್ತಿಕೊಂಡು ಬಂದು, ತಾವೂ ಸೋಫಾದ ಮೇಲೆ ಚರ್ ಎಂದು ಸ್ಥಾಪನೆಗೊಂಡರು.

ಟೇಪು ಓಡಬೇಕು, ಓಡುತ್ತಿರುವಂತೆಯೇ ಕಂಪ್ಯೂಟರು ಅದನ್ನು ನುಂಗಿ ಡಿಸ್ಕಿಗೆ ಇಳಿಸಬೇಕು. ಒಂದು ಗಂಟೆಯ ಕೆಲಸ. ಪರದೆಯ ಮೇಲೆ ಮದುವೆ ಶುರುವಾಯಿತು. ಚೀಲದ ದಯೆಯಿಂದ ನೆಂಟರಿಷ್ಟರೆಲ್ಲ ಮೋಡದೊಳಗೆ ಓಡಾಡುತ್ತಿದ್ದರು.

“ಏನಯ್ಯಾ, ಮದುವೆ ಬಚ್ಚಲುಮನೇಲಿ ನಡೀತಾ?” ಅಂದರು ಕಾಂಪೌಂಡರ್.

“ಸುಮ್ನಿರಿ. ಅಲ್ಲಿ ಬಲಗಡೆ, ಆ ಉದ್ದನೆ ಬಿಳೀದು, ಅದೇ ನಮ್ಮಪ್ಪ.”

“ಕಂಬ ಅಂದ್ಕೊಂಡೆ.”

ನಲವತ್ತನೆಯ ನಿಮಿಷಕ್ಕೆ ಕಂಪ್ಯೂಟರ್ ಪೆಟ್ಟಿಗೆಯೊಳಗಿನ ಫ್ಯಾನು ಕುಯ್ಯೋ ಎಂದು ಕಿರುಚಿತು, ಪರದೆ ಕಪ್ಪಾಯಿತು. ಇಳಿದದ್ದೆಲ್ಲ ಅಳಿದುಹೋಯಿತು. ಫೋಟೋ ಹಾರಿಬಿದ್ದು ಟೇಪು ನಿಲ್ಲಿಸಿದ. ನಡುವಿನಿಂದ ಶುರುಮಾಡಲು ಆ ಮುದಿ ಟೇಪು ಒಪ್ಪುತ್ತಿರಲಿಲ್ಲ, ಅರ್ಧದಲ್ಲಿ ಹಿಡಿದೆಳೆದರೆ ಸುಕ್ಕುಗಟ್ಟುತ್ತಿತ್ತು. ಕ್ಯಾಸೆಟ್ಟಿನ ಹಲ್ಲುಚಕ್ರಕ್ಕೆ ಬೆರಳು ಕೊಟ್ಟು, ಒಂದೊಂದೇ ಸುತ್ತು, ಪೂರ್ತಿ ಹಿಂದಕ್ಕೆ ಸುತ್ತಿಟ್ಟ. ಬೂಷ್ಟಿನ ಪುಡಿ ಅಂಗೈಗೆ ಬಂತು. ಉಳಿದದ್ದು ಒಂದೇ ಸಲ ಎಂದು ಅವನ ಅಂಗೈಯೇ ಹೇಳಿತು.

ಕಂಪ್ಯೂಟರಿನ ಒಳಗೆ ಪ್ರೊಸೆಸರ್ ಎಂಬ ಬಿಸ್ಕತ್ತಿನಷ್ಟಗಲದ ತುಂಡು ಇದೆಯಲ್ಲ, ಕೆಲಸವೆಲ್ಲ ಅದರದ್ದೇ. ಹೆಚ್ಚು ದುಡಿದರೆ ಅದಕ್ಕೆ ಕಾವೇರುತ್ತದೆ. ಕಾವು ಮಿತಿಮೀರಿದರೆ ಸುಟ್ಟುಹೋಗುವ ಬದಲು ಕಣ್ಣು ಮುಚ್ಚಿಕೊಳ್ಳುತ್ತದೆ. ಕಾವು ತೋರಿಸುವ ಅಂಕಿಯನ್ನು ಫೋಟೋ ಪರದೆಯ ಮೂಲೆಗೆ ತಂದ. ಬೇರೆ ಯಾರದೋ ಮದುವೆಯ ವಿಡಿಯೋ ಹಾಕಿ ಕಂಪ್ಯೂಟರನ್ನು ದುಡಿಸಿದ. ಅಂಕಿ ಏರುತ್ತ ಏರುತ್ತ ತೊಂಬತ್ತೆಂಟಕ್ಕೆ ನಿಂತಿತು.

ಕಾಂಪೌಂಡರ್ ಕನ್ನಡಕ ಏರಿಸಿ ನೋಡಿದರು. “ತೊಂಬತ್ತೆಂಟಾ? ಥೂ, ಅದಕ್ಯಾಕೆ ಇಷ್ಟು ಗಾಬರಿ? ಇನ್ನೊಂದು ನಾಲ್ಕು ಪಾಯಿಂಟ್ ಏರಿದ್ರೆ ನಾರ್ಮಲ್ಲು.”

“ಅದು ಮನುಷ್ಯರ ಲೆಕ್ಕ. ಈ ಲೆಕ್ಕದಲ್ಲಿ ನೂರಕ್ಕೆ ನೀರು ಕುದಿಯುತ್ತೆ.”

ಕಾಂಪೌಂಡರ್ ಮೆಲ್ಲನೆ ಕಾಲೆತ್ತಿ ಕಂಪ್ಯೂಟರಿನಿಂದ ದೂರ ಇಟ್ಟುಕೊಂಡರು. “ಹಂಗಾದ್ರೆ ಸೀರಿಯಸ್ಸು” ಅಂದರು.

ಮರುದಿನ ಫೋಟೋ ದೊಡ್ಡ ಊರಿಗೆ ಹೋಗಿ, ನೀರಿನಿಂದ ತಂಪು ಮಾಡುವ ಕಿಟ್ಟು ತಂದ. ಡಬ್ಬದ ಮೇಲೆ ‘ಹೊಸಬರಿಗೆ’ ಎಂದು ಬರೆದಿತ್ತು; ಅದೊಂದು ಮಾತು ಅವನ ಮನಸ್ಸಿಗೆ ಸ್ವಲ್ಪ ಚುಚ್ಚಿತು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು, ಪಕ್ಕದವರು ಕೇಳದಿದ್ದರೂ “ವಾಟರ್ ಕೂಲಿಂಗು” ಎಂದು ಹೇಳುತ್ತ ಬಂದ. ಒಳಗೆ ಮುಷ್ಟಿಯಷ್ಟು ಪಂಪು, ಎರಡು ಕೊಳವೆ, ಗಾಳಿಗೆ ಒಡ್ಡುವ ಜಾಲರಿ, ಲೋಟದಷ್ಟು ತೊಟ್ಟಿ, ಪ್ರೊಸೆಸರಿನ ನೆತ್ತಿಗೆ ಕೂರಿಸಲು ಒಂದು ತಾಮ್ರದ ಬಿಲ್ಲೆ. ಬಿಲ್ಲೆಯ ಮುಖ ಕನ್ನಡಿಯಂತೆ ಫಳಫಳ ಹೊಳೆಯುತ್ತಿತ್ತು. ಅದನ್ನು ಯಾವ ಗೀರೂ ತಾಗದಂತೆ, ಬಂದದ್ದು ಬಂದ ಹಾಗೇ ಜೋಪಾನವಾಗಿ ಕೂರಿಸಿ, ನಾಲ್ಕು ತಿರುಪು ಬಿಗಿದ. ಬ್ಯಾಟರಿಗೆ ಹಾಕುವ ಶುದ್ಧ ನೀರನ್ನು ಕಾಂಪೌಂಡರ್ ತಮ್ಮ ಹಳೆಯ ಸಿರಿಂಜಿನಿಂದ ಹನಿಹನಿಯಾಗಿ ತೊಟ್ಟಿಗೆ ಬಿಟ್ಟರು. “ಕೈ ಅಲುಗಾಡಿಸಬೇಡ” ಎಂದು ಕಂಪ್ಯೂಟರಿಗೆ ಹೇಳಿದರು, ಅಭ್ಯಾಸಬಲ.

ಪಂಪು ಗುಂಯ್ ಅಂದಿತು. ಕೊಳವೆಯಲ್ಲಿ ನೀರು ಹರಿಯಿತು. ಫೋಟೋ ಎದೆಯುಬ್ಬಿಸಿ ಅಂಕಿ ನೋಡಿದ. ಎಪ್ಪತ್ತು. ಎಂಬತ್ತು. ತೊಂಬತ್ತು. ಹಳೆಯ ಫ್ಯಾನು ನಲವತ್ತು ನಿಮಿಷ ತಡೆದದ್ದನ್ನು ಹೊಸ ನೀರು ಹನ್ನೊಂದು ನಿಮಿಷವೂ ತಡೆಯಲಿಲ್ಲ.

“ನೀರಿಳಿಸಿದ ಮೇಲೆ ಜ್ವರ ಏರಿತು,” ಕಾಂಪೌಂಡರ್ ಗಂಭೀರವಾಗಿ ಹೇಳಿದರು, “ನಾನು ಇಂಥಾ ಕೇಸು ಎರಡು ನೋಡಿದೀನಿ. ಎರಡೂ ಉಳೀಲಿಲ್ಲ.”

ಅವತ್ತಿನಿಂದ ಆ ಮನೆ ಆಸ್ಪತ್ರೆಯಾಯಿತು. ಕಾಂಪೌಂಡರ್ ಒಂದು ಜ್ವರದ ಪಟ್ಟಿ ತಂದು ಕಂಪ್ಯೂಟರಿನ ಕಾಲಬಳಿ ತೂಗುಹಾಕಿ, ಬೆಳಿಗ್ಗೆ ಸಂಜೆ ಅಂಕಿ ಬರೆದರು. ಜಾಲರಿಯ ಹಿಂದೆ ಒದ್ದೆ ಬಟ್ಟೆ ಕಟ್ಟಿದರು. ತೊಟ್ಟಿಯ ನೀರು ಮೂರು ಸಲ ಬದಲಾಯಿತು. ಪಟ್ಟಿಯ ಗೆರೆ ತೊಂಬತ್ತೇಳು, ತೊಂಬತ್ತೆಂಟು, ತೊಂಬತ್ತೇಳು ಎಂದು ತೆವಳುತ್ತಲೇ ಇತ್ತು. ಅರ್ಜಿಯ ಫೋಟೋಗೆಂದು ಬಂದವರು ದನಿ ತಗ್ಗಿಸಿ “ಈಗ ಹೆಂಗಿದೆ?” ಎಂದು ಕೇಳಿ, ಚಪ್ಪಲಿ ಸದ್ದು ಮಾಡದೆ ಹೋದರು.

ಹೆಂಡತಿ ಬೀದಿನಲ್ಲಿಯ ಹತ್ತಿರ “ನಮ್ಮವರು ಕಂಪ್ಯೂಟರಿಗೆ ನೀರು ಬಿಟ್ಟಿದಾರೆ ಕಣ್ರೀ” ಎಂದಳು. ಅಷ್ಟೇ ಅಂದದ್ದು. ಬೀದಿಯ ಆ ತುದಿ ತಲುಪುವಷ್ಟರಲ್ಲಿ ಕಂಪ್ಯೂಟರಿಗೆ ನಲ್ಲಿ ಬಂದಿತ್ತು. ಬೀದಿ ತಿರುಗುವಷ್ಟರಲ್ಲಿ ಅರ್ಧ ಅಂಗುಲದ ಪೈಪು ಮುಕ್ಕಾಲು ಅಂಗುಲವಾಗಿತ್ತು. ಶನಿವಾರ ಮಧ್ಯಾಹ್ನ ನೀರಿನ ಆಫೀಸಿನ ಮೀಟರ್ ಓದುವವನು ಕಂಕುಳಲ್ಲಿ ಫೈಲು ಹಿಡಿದು ಬಾಗಿಲಲ್ಲಿ ನಿಂತಿದ್ದ.

“ಬೇಸಿಗೇಲಿ ಜನಕ್ಕೇ ನೀರಿಲ್ಲ. ನೀವು ಯಂತ್ರಕ್ಕೆ ಕನೆಕ್ಷನ್ ಕೊಟ್ಟಿದೀರಂತೆ?”

“ಕನೆಕ್ಷನ್ ಅಲ್ಲ ಸಾರ್, ಒಂದು ಲೋಟ ನೀರು.”

“ದಿನಕ್ಕೆ ಒಂದು ಲೋಟ?” ಅವನು ಫಾರಂ ತೆಗೆದ.

“ದಿನಕ್ಕಲ್ಲ. ಒಂದೇ ಸಲ. ಅದೇ ನೀರು ಸುತ್ತುತ್ತಾ ಇರುತ್ತೆ.”

“ಒಂದೇ ಸಲ ಕುಡಿದು ಮತ್ತೆ ಕೇಳೋದೇ ಇಲ್ವಾ? ಏನ್ರೀ ಅದು, ಕಂಪ್ಯೂಟರೋ ಒಂಟೆಯೋ?” ಫಾರಮ್ಮಿನಲ್ಲಿ ಮನುಷ್ಯರು, ದನಕರು, ಕೈತೋಟ, ಕಾರ್ಖಾನೆ ಎಂಬ ನಾಲ್ಕು ಕಾಲಮ್ಮುಗಳಿದ್ದವು. ಅವನು ತುಂಬ ಹೊತ್ತು ಪೆನ್ನು ಕಚ್ಚಿದ. “ದನಕರುಗೆ ಸೇರಿಸ್ತೀನಿ. ನಾಳೆ ಬಂದು ಕಣ್ಣಾರೆ ನೋಡ್ತೀನಿ, ನೋಡದೆ ಸಹಿ ಮಾಡೋ ಹಾಗಿಲ್ಲ.”

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಅಕ್ಕ ಬಂದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಗದರಿಕೆ ಮಾತ್ರ ಕಪ್ಪಗೇ ಇತ್ತು. ಒಳಗೆ ಬಂದು ನೋಡಿದರೆ ಸೋಫಾದ ಮೇಲೆ ಕಾಂಪೌಂಡರ್, ಪಕ್ಕದಲ್ಲಿ ಫೈಲು ಹಿಡಿದ ಮೀಟರಿನವನು, ನೆಲದ ಮೇಲೆ ತಲೆ ಹಿಡಿದು ಕೂತ ತಮ್ಮ, ತೂಗುಹಾಕಿದ ಜ್ವರದ ಪಟ್ಟಿ.

“ಯಾರಿಗೆ ಹುಷಾರಿಲ್ಲ?”

“ಅಕ್ಕಾ,” ಫೋಟೋ ಕ್ಯಾಸೆಟ್ಟು ತೋರಿಸಿದ, “ಇನ್ನೊಂದೇ ಸಲ ಓಡೋದು ಅದು. ಹನ್ನೊಂದು ನಿಮಿಷಕ್ಕೆ ಇದು ಕೈಕೊಡ್ತಿದೆ. ಅಪ್ಪ ಪೂರ್ತಿ ಹೋದಂಗೆ.”

ಅಕ್ಕ ಚೀಲ ಕೆಳಗಿಟ್ಟು, ತೆರೆದ ಪೆಟ್ಟಿಗೆಯೊಳಗೆ ಕೈ ಹಾಕಿ ಕೊಳವೆ ಮುಟ್ಟಿದಳು. ಅಡುಗೆಮನೆಯಿಂದ ಬಂದ ಫೋಟೋನ ಹೆಂಡತಿಯೂ ಬಗ್ಗಿ ಮುಟ್ಟಿದಳು. ಇಬ್ಬರೂ ಮುಖ ಮುಖ ನೋಡಿಕೊಂಡರು. ಗಂಡಸರು ಮೂರು ದಿನ ಅಂಕಿ ಓದಿದ್ದರೇ ಹೊರತು ಒಬ್ಬರೂ ಮುಟ್ಟಿರಲಿಲ್ಲ.

“ನೀರು ತಣ್ಣಗೇ ಇದೆಯಲ್ಲ” ಅಂದಳು ಹೆಂಡತಿ.

“ಅದೇ ಮತ್ತೆ! ನೀರು ತಣ್ಣಗಿದೆ, ಅದು ಕುದೀತಿದೆ!” ಫೋಟೋ ಕೂಗಿದ.

“ಒಲೆ ಉರೀತಿದೆ, ಮೇಲಿಟ್ಟ ಪಾತ್ರೆ ತಣ್ಣಗಿದೆ ಅಂದ್ರೆ,” ಹೆಂಡತಿ ನಿಧಾನವಾಗಿ ಹೇಳಿದಳು, “ಪಾತ್ರೆ ಒಲೆಗೆ ತಾಗಿಲ್ಲ ಅಂತ. ನಡುವೆ ಏನೋ ಇದೆ.”

ಅಕ್ಕ ತಮ್ಮನ ಕಡೆ ತಿರುಗಿದಳು. ಅವಳೂ ಅದೇ ಮನೆಯಲ್ಲಿ ಹುಟ್ಟಿದವಳು. ಗಂಡನ ಮನೆಗೆ ಹೋದ ಹೊಸದರಲ್ಲಿ, ಹೊಸ ತವೆಯನ್ನು ಕವರಿನ ಸಮೇತ ಒಲೆಗಿಟ್ಟು ಇಡೀ ಕೇರಿಗೆ ಹೊಗೆ ಹಾಕಿದವಳು.

“ಲೋ, ಆ ತಾಮ್ರದ್ದಕ್ಕೆ ಕವರ್ ಇತ್ತಾ?”

ಫೋಟೋ ಬಗ್ಗಿ ಬಿಲ್ಲೆಯ ಅಂಚನ್ನು ಇಣುಕಿದ.

“ಇತ್ತೋ ಇಲ್ವೋ?”

“ಇತ್ತು. ತೆಳ್ಳಗೆ. ತಿಳಿಯಾಗಿತ್ತು.”

“ತೆಗೆದ್ಯಾ?”

“ಗೀರು ಬೀಳುತ್ತೆ ಅಂತ...”

ಮೇಲೆ ಫ್ಯಾನಿನ ಹಾಳೆ ಪಟಪಟ ಬಡಿದುಕೊಂಡಿತು. ಕಾಂಪೌಂಡರ್ ಎದ್ದು, ಜ್ವರದ ಪಟ್ಟಿಯನ್ನು ತೆಗೆದು, ಮಡಿಸಿ ಜೇಬಿಗಿಟ್ಟುಕೊಂಡರು. ಮೂವತ್ತೈದು ವರ್ಷದ ಅನುಭವದಲ್ಲಿ ರೋಗಿಗೆ ರೇನ್‌ಕೋಟು ತೊಡಿಸಿ ಸ್ನಾನ ಮಾಡಿಸಿದ್ದನ್ನು ಅವರು ಕಂಡಿರಲಿಲ್ಲ.

ತಿರುಪು ಬಿಚ್ಚಿದರು. ಬಿಲ್ಲೆಯ ಮುಖದ ಮೇಲೆ ಹಾಳೆ ಕಾವಿಗೆ ಸುಕ್ಕುಗಟ್ಟಿ ಕೂತಿತ್ತು. ಅದರ ಮೂಲೆಯಲ್ಲಿ, ಕೂರಿಸುವ ಮುಂಚೆ ಇದನ್ನು ಕೀಳಿ ಎಂದು ಕೆಂಪು ಬಾಣದ ಗುರುತು. ಫೋಟೋ ಉಗುರು ಹಚ್ಚಿ, ಗೀರು ಬಿದ್ದೀತೆಂದು ಮತ್ತೆ ತೆಗೆದ. ಅಕ್ಕ ಅವನ ಕೈ ತಳ್ಳಿ, ಒಂದೇ ಎಳೆತಕ್ಕೆ ಸರ್ರನೆ ಕಿತ್ತಳು. ಬಿಲ್ಲೆಯನ್ನೂ ಪ್ರೊಸೆಸರಿನ ನೆತ್ತಿಯನ್ನೂ ಒರೆಸಿ, ಕಾವು ದಾಟಿಸುವ ಲೇಪವನ್ನು ಹೊಸದಾಗಿ ಸವರಿ, ಮತ್ತೆ ಕೂರಿಸಿದರು. ಬೇರೆಯವರ ಮದುವೆ ಹಾಕಿ ದುಡಿಸಿದರು. ನಲವತ್ತು. ನಲವತ್ತೇಳು. ಐವತ್ತೊಂದು. ಅಲ್ಲೇ ನಿಂತಿತು. ಕೊಳವೆ ಮುಟ್ಟಿದರೆ ಹದವಾದ ಬಿಸಿ.

“ಹಾಕು” ಅಂದಳು ಅಕ್ಕ.

ಕ್ಯಾಸೆಟ್ಟು ಓಡಿತು. ಮೋಡದೊಳಗಿನ ಮದುವೆ ಮತ್ತೆ ಶುರುವಾಯಿತು. ಇಪ್ಪತ್ತು ನಿಮಿಷ, ಮೂವತ್ತು. ಒಬ್ಬರ ಕಣ್ಣೂ ಮದುವೆಯ ಮೇಲಿರಲಿಲ್ಲ, ಎಲ್ಲರದೂ ಮೂಲೆಯ ಅಂಕಿಯ ಮೇಲೆ. ನಲವತ್ತನೆಯ ನಿಮಿಷಕ್ಕೆ ಮೀಟರಿನವನು ಫೈಲನ್ನು ಎದೆಗೊತ್ತಿಕೊಂಡ. ನಲವತ್ತೊಂದು. ಐವತ್ತೆರಡು ಡಿಗ್ರಿ. ಟೇಪು ಓಡುತ್ತಲೇ ಇತ್ತು.

ಈಗ ಮೋಡದೊಳಗೆ ಒಂದು ಕಾರು ಕಂಡಿತು. ಅಕ್ಕ ಹೊರಡುವ ಹೊತ್ತು. ಟೇಪಿನೊಳಗಿಂದ ಇಪ್ಪತ್ತರ ಹರೆಯದ ಫೋಟೋನ ದನಿ: “ಅಪ್ಪಾ, ಇದನ್ನ ಸ್ವಲ್ಪ ಹಿಡ್ಕೊ. ಅಕ್ಕನ ಟ್ರಂಕು ಎತ್ತಿಟ್ಟು ಬರ್ತೀನಿ. ನಿಲ್ಲಿಸಬೇಡ, ಓಡ್ಲಿ.” ಚಿತ್ರ ತೂರಾಡಿತು; ನೆಲ, ಯಾರದೋ ಚಪ್ಪಲಿ, ಕುರ್ಚಿಯ ಕಾಲು. ಆಮೇಲೆ, ತೀರ ಹತ್ತಿರದಲ್ಲಿ, ಉಸಿರು. ಮರದ ಹೊಟ್ಟು ತುಂಬಿದ ಎದೆಯ, ಎಳೆದೆಳೆದು ಬಿಡುವ ಉಸಿರು.

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು.

“ಎಲ್ಲಿ ನೋಡೋದಿದರಲ್ಲಿ... ಇಲ್ಲೇನಾ...” ಅಪ್ಪನ ದನಿ. ಯಾರಿಗೂ ಹೇಳಿದ್ದಲ್ಲ, ತಮಗೆ ತಾವೇ. ಮೋಡ ಮೇಲೆದ್ದು ಕಾರಿನ ಕಡೆ ತಿರುಗಿ ನಿಂತಿತು. ಅದರೊಳಗೆ ಕೆಂಪಗೆ ಒಂದು ಚುಕ್ಕೆ, ಅಷ್ಟೇ ಮದುಮಗಳು. “ಏನೂ ಕಾಣಲ್ವಲ್ಲ. ಮಗಳ ಮುಖಾನೇ ಕಾಣಲ್ವಲ್ಲ.”

ಒಂದು ಕ್ಷಣ ಉಸಿರು ಮಾತ್ರ. ಆಮೇಲೆ ಚರಚರ, ಚರ್ರ್ ಎಂದು ಪ್ಲಾಸ್ಟಿಕ್ ಹರಿಯುವ ಸದ್ದು.

ಮೋಡ ಹೋಯಿತು. ಪರದೆಯ ತುಂಬ ಬಿಸಿಲು, ಹಸಿರು ಕಾರು, ಅದರ ಬಾಗಿಲು ಹಿಡಿದು ನಿಂತ ಇಪ್ಪತ್ಮೂರರ ಅಕ್ಕ. ಕೆನ್ನೆಯ ಮೇಲಿನ ನೀರೂ ಕಾಣುವಷ್ಟು ಸ್ಪಷ್ಟ.

“ಹಾಂ,” ಅಂದರು ಅಪ್ಪ, “ಈಗ ಕಾಣ್ತಾಳೆ.”

ಓಡಿಬಂದ ಹೆಜ್ಜೆ ಸದ್ದು. ಹರೆಯದ ಫೋಟೋನ ಚೀತ್ಕಾರ: “ಅಯ್ಯೋ! ಅಪ್ಪಾ, ಕವರ್ ಯಾರು ಹರಿದಿದ್ದು?”

“ನಾನು ನೋಡ್ಲಿಲ್ಲಪ್ಪ. ಗಾಳಿ ಇರ್ಬೇಕು.”

ಕಾಂಪೌಂಡರ್ ಮೊದಲು ನಕ್ಕರು, ಆಮೇಲೆ ಮೀಟರಿನವನು, ಆಮೇಲೆ ಕಣ್ಣೊರೆಸಿಕೊಳ್ಳುತ್ತಲೇ ಅಕ್ಕ. ಫೋಟೋ ಮಾತ್ರ ಬಾಯಿ ತೆರೆದು ಕೂತಿದ್ದ. ಕ್ಯಾಮರಾಕ್ಕೆ ಧೂಳು ಹೇಗೆ ಬಿತ್ತೆಂದು ಕೇಳಿದ ಯಜಮಾನರೆದುರು ತಲೆತಗ್ಗಿಸಿ “ಗಾಳಿಗೆ ಕವರ್ ಹರಿದುಹೋಯ್ತು ಸಾರ್” ಎಂದು ಅವನು ಹೇಳಿದ್ದ. ಇಪ್ಪತ್ತೆರಡು ವರ್ಷ ಆ ಗಾಳಿಯನ್ನೇ ಬೈದುಕೊಂಡಿದ್ದ. ಪರದೆಯ ಮೇಲೆ ಅಪ್ಪ ಕ್ಯಾಮರಾ ಮಗನ ಕೈಗೆ ಕೊಟ್ಟು, ಕಾರಿನ ಕಡೆ ನಡೆದರು. ಬಿಳಿ ಅಂಗಿಯ ಬೆನ್ನು, ಸ್ವಲ್ಪ ವಾರೆಯಾದ ಎಡ ಹೆಗಲು. ಅರ್ಧ ದಾರಿಯಲ್ಲಿ ತಿರುಗಿ, “ನನ್ನ ಮೇಲ್ಯಾಕೋ ರೀಲು ದಂಡ, ಅವಳನ್ನ ತೆಗಿ” ಅಂದರು. ಕಣ್ಣು ತೆರೆದಿತ್ತು.

ಮದುವೆ ಡಿಸ್ಕಿಗೆ ಇಳಿಯಿತು. ಕ್ಯಾಸೆಟ್ಟು ಕೊನೆಯಲ್ಲಿ ಕಟಕ್ ಎಂದು ಸಿಕ್ಕಿಹಾಕಿಕೊಂಡಿತು. ಅದರ ಕೆಲಸ ಮುಗಿದಿತ್ತು. ಮೀಟರಿನವನು ಫಾರಮ್ಮಿನಲ್ಲಿ ‘ದನಕರು’ ಹೊಡೆದುಹಾಕಿ, ‘ಮನುಷ್ಯರು’ ಎಂಬ ಕಾಲಮ್ಮಿನಲ್ಲಿ ಒಂದು ಲೋಟ ಎಂದು ಬರೆದು ಸಹಿ ಮಾಡಿದ.

ಫೋಟೋ ಡಿಸ್ಕನ್ನು ಹೊಸ ಡಬ್ಬಿಗೆ ಹಾಕಿ, ಡಬ್ಬಿಯನ್ನು ಕವರಿಗೆ ಹಾಕಿ ಅಕ್ಕನ ಕೈಗಿಟ್ಟ. ಅಕ್ಕ ಅಲ್ಲೇ ಆ ಕವರು ಹರಿದು ಅವನ ಅಂಗೈಗೆ ಮುದುರಿಟ್ಟಳು.

“ತೀರ್ತು ಕಣೋ ನಿನ್ನ ಬಾಕಿ.”

“ನಂದೊಂದು ಇದೆ” ಎಂಬ ದನಿ ಬಂತು. ಹೆಂಡತಿ ಸೋಫಾದ ಹತ್ತಿರ ನಿಂತಿದ್ದಳು. “ಹನ್ನೆರಡು ವರ್ಷದ್ದು.”

ಫೋಟೋ ಸೋಫಾ ನೋಡಿದ, ಅಕ್ಕನನ್ನು ನೋಡಿದ, ಪರದೆಯ ಮೇಲೆ ನಿಂತುಹೋಗಿದ್ದ ಬಿಳಿ ಅಂಗಿಯನ್ನು ನೋಡಿದ. ಆಮೇಲೆ ಎದ್ದು, ಎಂಟು ಮುಖಗಳನ್ನು ಬಿಡಿಸುವ ತನ್ನ ಉದ್ದ ಕತ್ತರಿಯನ್ನು ತಂದು ಹೆಂಡತಿಯ ಕೈಗೆ ಕೊಟ್ಟ. ಅವಳು ತೋಳಿನಿಂದ ತೋಳಿಗೆ ಒಂದೇ ಗೆರೆಯಲ್ಲಿ ಸೀಳಿದಳು. ಮಬ್ಬು ಹಾಳೆ ಎರಡು ಪಾಲಾಗಿ ಕೆಳಗೆ ಬಿತ್ತು.

“ಇದು ಹಸಿರಾ?” ಅಂದಳು. “ನಾನು ಬೂದಿ ಬಣ್ಣ ಅಂದ್ಕೊಂಡು ಇಷ್ಟು ದಿನ ಬೈಕೊಂಡೆ.”

ಕೂತಳು. ಎದ್ದಳು. ಸದ್ದಿಲ್ಲ. ಮತ್ತೆ ಕೂತಳು.

ಕತ್ತರಿ ಹಿಡಿದು ಅವಳು ಕಪಾಟಿನ ಮೇಲಿನ ರೇಡಿಯೋ ಕಡೆ ನೋಡುತ್ತಿದ್ದಂತೆ ಫೋಟೋ ಅಡ್ಡ ಬಂದು ನಿಂತ.

“ಅದೊಂದು ಬಾಕಿ ಇರ್ಲಿ” ಅಂದ.